ಮೊದಲ ಚಾ, ಆಮ್ಯಾಲೆ ಕಾಯ್ದೆ

ಕೋಲ್ಕತ್ತಾದ ಲೇಕ್ ಗಾರ್ಡನ್ಸಿನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಧಾರವಾಡದ ವಕೀಲರು, ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, “ಮೊದಲ ಚಾ, ಆಮ್ಯಾಲೆ ಕಾಯ್ದೆ” ಎನ್ನುತ್ತಿದ್ದರು. ವಾಟ್ ಎ ಮ್ಯಾನ್!

ಐಟಿ ಕಂಪನಿಗಳು ಬಂದು ಮನೆಗಳ ಬೆಲೆ ಏರುತ್ತಿದ್ದ ಕಾಲ. ನಮ್ಮ ಮನೆಸಾಲದ ಕಂತುಗಳು ತಪ್ಪಿ, ಬ್ಯಾಂಕಿನವರಿಬ್ಬರು ಬೀಗ ಹಿಡಿದು ಬಂದೇಬಿಟ್ಟರು. ನಾನಾಗಲೇ ಕುಕ್ಕರನ್ನು ಚೀಲಕ್ಕೆ ತುಂಬುತ್ತಿದ್ದೆ.

“ಅದನ್ನ ಒಲಿ ಮ್ಯಾಲ ಇಡ್ರಿ, ಅಕ್ಕಾರ!” ಎನ್ನುತ್ತಲೇ ಮೆಟ್ಟಿಲೇರಿ ಬಂದ ವಕೀಲರು, ನಮ್ಮನ್ನು ಹೊರಹಾಕಲು ಮ್ಯಾಜಿಸ್ಟ್ರೇಟರ ಆರ್ಡರ್ ಎಲ್ಲಿ ಎಂದು ಅವರನ್ನು ಕೇಳಿದರು. ಇರಲಿಲ್ಲ! ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದರು, ಅಷ್ಟೇ.

“ಟ್ರಿಬ್ಯೂನಲ್‌ಗೆ ಹೋಗಾಕ ನಮಗ ಟೈಮ್ ಐತಿ. ಈಗ ಎಲ್ಲಾರಿಗೂ ಚಾ ಮಾಡ್ರಿ.”

ಬ್ಯಾಂಕಿನವರು ಕುಡಿದು, “ಥ್ಯಾಂಕ್ ಯೂ, ಮಾಶಿಮಾ” ಎಂದು ಬಂಗಾಳಿಯಲ್ಲಿ ನನ್ನನ್ನು ಚಿಕ್ಕಮ್ಮನಾಗಿಸಿ ಹೊರಟರು. ವಕೀಲರು ಕುಣಿಯುವುದೊಂದು ಬಾಕಿ: “ನಿಮ್ಮ ಮನ್ಯಾಗ ಅತಿಥಿ ಆಗಿ ಚಾ ಕುಡದ್ರು. ಮನಿ ಯಾರದಂತ ಅವರ ಒಪ್ಪಿಕೊಂಡ್ರಲ್ರೀ!”