ಹೊಳೆಯ ಉಸುಕು ಬಿಟ್ಟು ಬರದ ಮುತ್ಯಾ

ಮೊನ್ನೆ ನಮ್ಮ ಹತ್ತಿ ಗಿರಣಿಯ ಹಿಂದಿನ ಗೋಡೆ ಕಟ್ಟಲು ಲಾರಿಯಲ್ಲಿ ಹೊಳೆಯ ಉಸುಕು ತಂದು ಸುರಿದರು. ಸಲಿಕೆ ಹಾಕಿದೆ. ಮೇಲೆ ಒಣಗಿತ್ತು, ಒಳಗೆ ಇನ್ನೂ ಹಸಿ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ಸಲಿಕೆ ಬಿಟ್ಟು ನಿಂತುಬಿಟ್ಟೆ. ಮೇಸ್ತ್ರಿ ಬೈದ. ಬೈಯಲಿ. ನನಗೆ ಕೃಷ್ಣಾ ಹೊಳೆಯ ಉಸುಕಿನ ಮೇಲೆ ಹೊರಸು ಹಾಕಿಸಿಕೊಂಡು ಮಲಗಿದ್ದ ಮುತ್ಯಾ ನೆನಪಾಗಿದ್ದ. ನಮ್ಮ ಅಪ್ಪನ ಅಪ್ಪ.

ಮುತ್ಯಾ ದೇವದುರ್ಗದ ಕಡೆಯ ಹೊಳೆ ದಂಡೆಯ ಊರಿನವನು. ನಮ್ಮವರೆಲ್ಲ ಕುರಿ ಕಾಯುವವರು. ಅವನೊಬ್ಬ ಕುರಿಗಳನ್ನು ತಮ್ಮಂದಿರಿಗೆ ಬಿಟ್ಟು ಹೊಳೆಯೊಳಗೆ ಕಲ್ಲಂಗಡಿ ಹಾಕುತ್ತಿದ್ದ. ಮಳೆಗಾಲದ ನೀರು ಇಳಿದು ಉಸುಕು ಬಯಲಾದ ಮೇಲೆ, ಹಸಿ ಸಿಗುವ ತನಕ ಕುಣಿ ತೋಡಿ, ಕುರಿ ಹಿಕ್ಕೆಯ ಗೊಬ್ಬರ ತುಂಬಿ ಬೀಜ ಊರುತ್ತಿದ್ದ. ಅಲ್ಲೇ ಒಂದು ಗುಡಿಸಲು. ಹಾಗೆ ಉಸುಕಿಗೆ ಇಳಿದವರಿಗೆ ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಬೀಜ ಊರಿದವನೇ ಮೊದಲ ಹಣ್ಣನ್ನು ತನ್ನ ಕೈಯಿಂದ ಕೊಯ್ದು, ಹೊಳೆಯ ನೀರಲ್ಲಿ ಅರ್ಧ ಹೋಳು ಗಂಗವ್ವನಿಗೆ ಬಿಡಬೇಕು. ಅಲ್ಲಿಯ ತನಕ ಅವನು ಮನೆಯೊಳಗೆ ಮಲಗುವಂತಿಲ್ಲ. ಬೇರೆಯವರು ಆಗಾಗ ಕದ್ದು ಹೋಗಿ ಮಲಗುತ್ತಿದ್ದರು. ಮುತ್ಯಾ ಹೋಗುತ್ತಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಪ್ಪನ ಜೊತೆ ರಾಯಚೂರಿನ ಗಿರಣಿಯಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದೆ. ಆ ಚಳಿಗಾಲ ಮುತ್ಯಾನಿಗೆ ಹೊಟ್ಟೆ ಉಬ್ಬತೊಡಗಿತು. ಅಪ್ಪ ಹೋಗಿ ಬೈದು, ಬಲವಂತ ಮಾಡಿ ರಾಯಚೂರಿನ ಆಸ್ಪತ್ರೆಗೆ ಕರೆತಂದ. ಹೊಟ್ಟೆಯಲ್ಲಿ ಗಡ್ಡೆ ಇದೆ, ಬೆಳೆದುಬಿಟ್ಟಿದೆ, ಇನ್ನು ಮಾಡುವುದೇನೂ ಇಲ್ಲ, ಇರುವಷ್ಟು ದಿನ ನೋವು ಕಡಿಮೆ ಮಾಡಬಹುದು ಅಂದರು. ಹಾಸಿಗೆ ಕೊಟ್ಟರು. ಅಪ್ಪ ಚಹಾ ತರಲು ಹೊರಗೆ ಹೋಗಿ ಬರುವುದರೊಳಗೆ ಹಾಸಿಗೆ ಖಾಲಿ. ಮುತ್ಯಾ ಆಸ್ಪತ್ರೆಯ ಚಾದರ ಹೊದ್ದುಕೊಂಡೇ ದೇವದುರ್ಗದ ಬಸ್ಸು ಹತ್ತಿದ್ದ.

ಶಿವರಾತ್ರಿ ಕಳೆದ ಮೇಲೆ ಊರಿಂದ ಸುದ್ದಿ ಬಂತು. ಮುದುಕ ಎದ್ದು ಕೂರುತ್ತಿಲ್ಲ, ಉಸುಕನ್ನೂ ಬಿಡುತ್ತಿಲ್ಲ. ಅಪ್ಪ ಅವನನ್ನು ಮನೆಗೆ ತಂದೇ ತರುತ್ತೇನೆ ಎಂದು ಹೊರಟ. ಜೊತೆಗೆ ಅವ್ವ, ನಾನು. ಮಾನ್ವಿಗೆ ಕೊಟ್ಟಿದ್ದ ನಮ್ಮ ಅತ್ತಿ ಒಂದು ಗಂಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಸೇರಿಕೊಂಡಳು. ಅಪ್ಪನ ತಂಗಿ ಅವಳು. ಎರಡು ಬಸ್ಸು ಬದಲಿಸಿ, ಉಳಿದದ್ದು ನಡೆದೆವು.

ದಂಡೆ ಇಳಿದರೆ ಕಣ್ಣು ಹೋದಷ್ಟು ಬಿಳಿ ಉಸುಕು. ಆಚೆ ಒಂದು ಪಟ್ಟಿಯಷ್ಟು ನೀರು. ಅವ್ವ ಸೊಸೆಯಾಗಿ ಬಂದ ಮೇಲೆ ಹೊಳೆಗೆ ಇಳಿದದ್ದು ಅದೇ ಮೊದಲು. ಚಪ್ಪಲಿ ಕೈಯಲ್ಲಿ ಹಿಡಿದಳು, ಕಾಲು ಸುಟ್ಟಿತು, ಅತ್ತಿಯ ಕೈ ಹಿಡಿದು ನೀರಿನ ತನಕ ಓಡಿದಳು. ಇಬ್ಬರೂ ಸೀರೆ ಎತ್ತಿ ಕಟ್ಟಿ ನೀರಲ್ಲಿ ನಿಂತು ಹುಡುಗಿಯರ ಹಾಗೆ ನಕ್ಕರು. ನಾವು ಯಾಕೆ ಬಂದಿದ್ದೇವೆ ಅನ್ನುವುದನ್ನು ಸ್ವಲ್ಪ ಹೊತ್ತು ಎಲ್ಲರೂ ಮರೆತಿದ್ದೆವು...

"ಏನ್ರಲೇ, ಜಾತ್ರಿಗಿ ಬಂದಂಗ ಬಂದೀರಿ!"

ಗುಡಿಸಲ ನೆರಳಿನಿಂದ ಮುತ್ಯಾನ ದನಿ. ದನಿ ಮಾತ್ರ ಹಳೆಯದು. ಕೈಕಾಲು ಜಾಲಿ ಕಟ್ಟಿಗೆಯಂತಾಗಿದ್ದವು, ಹೊಟ್ಟೆ ಗಡಿಗೆಯಂತೆ ನಿಂತಿತ್ತು. ಅತ್ತಿ ಅವನ ಕಾಲ ಮೇಲೆ ಬಿದ್ದು ಅತ್ತಳು.

"ಅಳಾಕ ಬಂದಿಯೋ, ಹಣ್ಣು ತಿನ್ನಾಕ ಬಂದಿಯೋ? ಅಳಾಕಾದ್ರ ದಂಡಿ ಮ್ಯಾಲೆ ಹೋಗು. ಇಲ್ಲಿ ಬಳ್ಳಿಗಿ ಉಪ್ಪು ನೀರು ಆಗಂಗಿಲ್ಲ."

ಅವ್ವ ಸೆರಗು ಸರಿ ಮಾಡಿಕೊಂಡು, "ಮಾಮಾ, ಮನಿಗಿ ನಡೀರಿ. ಬಿಸಿ ಗಂಜಿನಾರ ಕುಡೀರಂತ" ಅಂದಳು.

"ಗಂಜಿ ಇಲ್ಲೂ ಕುದೀತದವ್ವಾ. ಕಲ್ಲು ಅದಾವು, ಕಟ್ಟಿಗಿ ಅದ."

ಅಪ್ಪನಿಗೆ ಸಿಟ್ಟು ಬಂತು. "ಯಪ್ಪಾ, ಮಂದಿ ನನ್ನ ಮಾರಿ ಮ್ಯಾಲೆ ಉಗುಳಾಕತ್ಯಾರ. ಹಡದಪ್ಪನ್ನ ಉಸುಕಿನ್ಯಾಗ ಬಿಟ್ಟಾನ ಅಂತಾರ."

"ನೋವು ಬಂದಾಗ ಆ ಮಂದ್ಯಾಗ ಒಬ್ಬ ಮಗನೂ ಬಂದು ನನ್ನ ಹೊಟ್ಟಿ ಹಿಡಕೊಂಡಿಲ್ಲ. ಮಂದಿ ಅಂತ, ಮಂದಿ! ಮೊದಲನೇ ಹಣ್ಣು ಕೊಯ್ದ ಮ್ಯಾಲೆ ಬರ್ತೀನಿ. ಇಷ್ಟು ವರ್ಷ ತಪ್ಪಿಲ್ಲ, ಸಾಯೂ ವರ್ಷ ತಪ್ಪಲೇನು?"

ಅಪ್ಪ ಎದ್ದು ಬಳ್ಳಿಯೊಳಗೆ ಹೊಕ್ಕ. ಕುರಿ ಕಾದು, ಆಮೇಲೆ ಅಂಡಿಗೆ ಹೊತ್ತ ಮನುಷ್ಯ. ಹಣ್ಣಿನ ಬಗ್ಗೆ ಅವನಿಗೆ ಏನು ಗೊತ್ತು? ದೊಡ್ಡದು ಯಾವುದೋ ಅದೇ ಹಣ್ಣು ಅಂದುಕೊಂಡ. ಎಲ್ಲಕ್ಕಿಂತ ದೊಡ್ಡದನ್ನು ಹಿಡಿದು ತೊಟ್ಟು ಕೊಯ್ದು ಎತ್ತಿಕೊಂಡು ಬಂದು ಮುತ್ಯಾನ ಮುಂದೆ ಇಟ್ಟ. ಕುಡುಗೋಲು ಹಾಕಿ ಎರಡು ಹೋಳು ಮಾಡಿದ. "ತಗೋ. ಆತಿಲ್ಲೋ? ನಡೀ ಇನ್ನ."

ಒಳಗೆ ಬಿಳಿ. ಸೋರೆಕಾಯಿಯ ಹಾಗೆ ಬಿಳಿ.

ಮುತ್ಯಾ ಹೋಳು ನೋಡಿದ, ಅಪ್ಪನ ಮುಖ ನೋಡಿದ. ನಗಲು ಶುರು ಮಾಡಿದ. ಹೊಟ್ಟೆ ನೋಯುತ್ತಿತ್ತು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದು ನಾ ಕೊಯ್ದಿಲ್ಲ. ನೀ ಕೊಯ್ದಿ. ನೀ ಬೇಕಾದ್ರ ಮನಿಗಿ ಹೋಗಿ ಮಲ್ಕೋ ಮಗನ!"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ಕುಡುಗೋಲು ಎಸೆದು ಹೊರಸಿನ ಕಾಲು ಹಿಡಿದ. "ಏ, ಆ ಕಡಿ ಹಿಡಿಯಲೇ. ಎತ್ತು. ಒದರಿದ್ರ ಒದರಲಿ" ಎಂದು ನನಗೆ ಹೇಳಿದ. ಎತ್ತಿದ್ದರೆ ಆಗಿಹೋಗುತ್ತಿತ್ತು. ಮುತ್ಯಾನಲ್ಲಿ ಭಾರವೇ ಉಳಿದಿರಲಿಲ್ಲ. ಮುತ್ಯಾ ನನ್ನನ್ನು ಬೇಡಿಕೊಳ್ಳಲಿಲ್ಲ. ನಾನು ಏನು ಮಾಡುತ್ತೇನೋ ನೋಡುತ್ತಿದ್ದ.

"ನಾ ಎತ್ತಂಗಿಲ್ಲ" ಅಂದೆ.

"ಗಿರಣ್ಯಾಗ ನಿನ್ನ ಹೆಸರು ಹೊಡದು ಹಾಕ್ತಾರ ನೋಡು ಮತ್ತ."

"ಹೊಡೀಲಿ. ಹಣ್ಣು ಆಗೂತನಕ ನಾ ಇಲ್ಲೇ ಇರ್ತೀನಿ."

"ನಿನ್ನ ಯಾರು ಕರದಾರಲೇ?" ಅಂದ ಮುತ್ಯಾ. ಅವನ ಬಾಯಿಂದ ಬಂದ ಒಳ್ಳೆಯ ಮಾತೆಂದರೆ ಅಷ್ಟೇ.

ಅಪ್ಪ, ಅವ್ವ ಮರಳಿ ಹೋದರು. ನಾನು, ಅತ್ತಿ ಉಳಿದೆವು. ಅತ್ತಿ ಗಂಜಿ ಕಾಯಿಸುತ್ತಿದ್ದಳು, ಅವನು ಎರಡು ಗುಟುಕು ಕುಡಿದು ಬಿಡುತ್ತಿದ್ದ. ನೋವು ಬಂದಾಗ ಹೊರಸಿನ ಹಗ್ಗ ಕಚ್ಚುತ್ತಿದ್ದ. ಅತ್ತಿ ಊರಿಗೆ ಹೋಗೋಣ ಅಂದಾಗೆಲ್ಲ ಬೈಗುಳ. ಬೈಯುತ್ತಾ ಬೈಯುತ್ತಾ ನಿದ್ದೆ ಹೋಗುತ್ತಿದ್ದ... ಊರಿನವರು ದಂಡೆಯ ಮೇಲೆ ನಿಂತು ನೋಡಿ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಒಬ್ಬನೂ ಕೆಳಗೆ ಇಳಿದು ಒಂದು ಕೊಡ ನೀರು ತಂದುಕೊಡಲಿಲ್ಲ.

ಒಂದು ಬೆಳಿಗ್ಗೆ ಮುತ್ಯಾ ಹೊರಸಿನಿಂದಲೇ ಬೆರಳು ಮಾಡಿ, "ಆ ಗಿಡ್ಡಂದು. ಬಳ್ಳಿ ಕುಡಿ ಒಣಗ್ಯದ ನೋಡು, ಹಣ್ಣಾಗ್ಯದ. ನಿಮ್ಮಪ್ಪಗ ಹೇಳಿ ಕಳಸು, ಅಂವನೂ ಕಣ್ಣಿಲೆ ನೋಡ್ಲಿ" ಅಂದ. ಮರುದಿನ ಅಪ್ಪ, ಅವ್ವ ಬಂದರು. ಮುತ್ಯಾನನ್ನು ಹೊರಸಿನ ಸಮೇತ ಎತ್ತಿ ಬಳ್ಳಿಯ ಪಕ್ಕಕ್ಕೆ ಒಯ್ದೆವು. ತೊಟ್ಟು ಕೊಯ್ಯುವಾಗ ಕುಡುಗೋಲಿನ ಭಾರಕ್ಕೆ ಅವನ ಕೈ ಕೆಳಗೆ ಇಳಿಯಿತು. ಅಪ್ಪ ಅವನ ಮೊಣಕೈ ಕೆಳಗೆ ತನ್ನ ಕೈ ಹಿಡಿದ, ಆದರೆ ಕುಡುಗೋಲು ಮುಟ್ಟಲಿಲ್ಲ. ಹೊಳೆಯ ನೀರಲ್ಲಿ ಹೊರಸು ಇಳಿಸಿ ಹಣ್ಣು ಒಡೆದೆವು. ಕೆಂಪಂದರೆ ಕೆಂಪು. ಅರ್ಧ ಹೋಳನ್ನು ಅವನೇ ನೀರಿಗೆ ಬಿಟ್ಟ. ಅತ್ತಿ ಒಂದು ಚೂರು ಅವನ ನಾಲಗೆಯ ಮೇಲೆ ಇಟ್ಟಳು. ಚೀಪಿ ಉಗುಳಿದ.

"ಸಪ್ಪಗದ" ಅಂದ. "ಹ್ವಾದ ವರ್ಷದ್ದು ಛಲೋ ಇತ್ತು."

ಅಪ್ಪ ಹೊರಸಿನ ಪಕ್ಕ ಕುಂತು ಮೆಲ್ಲಗೆ ಕೇಳಿದ. "ಯಪ್ಪಾ, ಈಗರ ನಡೀತೀಯಿಲ್ಲೋ?"

"ಮಾತು ಕೊಟ್ಟೀನಿ. ಎತ್ರಿ."

ಎತ್ತಿದೆವು. ಅಪ್ಪ ತಲೆಯ ಕಡೆ, ನಾನು ಕಾಲಿನ ಕಡೆ. ಉಸುಕಿನಲ್ಲಿ ಕಾಲು ಹೂಳುತ್ತಿತ್ತು. ದಂಡೆ ಇನ್ನೂ ದೂರ ಇರುವಾಗ ಮುತ್ಯಾ, "ಇಳಸ್ರಿ. ಉಸರು ತಗೋತೀನಿ" ಅಂದ. ಇಳಿಸಿದೆವು. ಅವನು ಹೊಳೆಯ ಕಡೆ ಹೊರಳಿದ. ನಾನು ಬೆವರು ಒರೆಸಿಕೊಂಡು ನೋಡುವಷ್ಟರಲ್ಲಿ...

ಅತ್ತಿ ಕೂಗಿಕೊಂಡಾಗ ದಂಡೆಯ ಮೇಲೆ ನಿಂತಿದ್ದ ಮಂದಿ ಕೊನೆಗೂ ಕೆಳಗೆ ಇಳಿದು ಬಂದರು.

ಅವನಿಗೆ ಬರುವ ಮನಸ್ಸಿತ್ತು, ಮಾತಿಗೆ ತಪ್ಪುವವನಲ್ಲ ಎಂದು ಅಪ್ಪ ಅನ್ನುತ್ತಿದ್ದ. ಅವನು ಬರುವವನೇ ಅಲ್ಲ ಎಂದು ನಾನು. ಇದಕ್ಕೇ ನಾವಿಬ್ಬರೂ ಎಷ್ಟೋ ಸಲ ಜಗಳ ಆಡಿದ್ದೇವೆ. ಮನೆಯಲ್ಲಿ ಸತ್ತಿದ್ದರೆ ಮಂದಿ ಒಳ್ಳೆಯ ಸಾವು ಅನ್ನುತ್ತಿದ್ದರು. ಅವರ ಬಾಯಿಂದ ಒಳ್ಳೆಯದು ಅನ್ನಿಸಿಕೊಳ್ಳಲು, ಅವನು ಒಲ್ಲೆ ಅಂದ ದಿನ ನಾನು ಆ ಹೊರಸು ಎತ್ತಬೇಕಿತ್ತೇ? ಎತ್ತಲಿಲ್ಲ. ಇವತ್ತಿಗೂ ಎತ್ತುವುದಿಲ್ಲ.

ಈ ವರ್ಷ ಮಾನ್ವಿಯಲ್ಲಿ ಅತ್ತಿಯ ಮೊಮ್ಮಗಳ ಮದುವೆ. ಊಟಕ್ಕೆ ಕುಂತಾಗ ಎದುರು ಸಾಲಿನ ಒಬ್ಬ ಹಿರಿಯ ನಮ್ಮನ್ನು ತೋರಿಸಿ ಪಕ್ಕದವನಿಗೆ, "ಇವರೇ ನೋಡ್ರಿ, ಮುದುಕನ್ನ ಉಸುಕಿನ್ಯಾಗ ಬಿಟ್ಟು ಸಾಯಿಸಿದೋರು" ಅಂದ. ನಾನು ಎಲೆ ಬಿಟ್ಟು ಎದ್ದೆ. ಅಪ್ಪ ನನ್ನ ಅಂಗಿ ಹಿಡಿದು ಕೂರಿಸಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ನಾವು ಬಿಟ್ಟಿಲ್ರೀ. ಆಂವನೇ ಬರ್ಲಿಲ್ಲ."

ಅಷ್ಟು ಹೇಳಿ ಸಾರಿಗೆ ಕೈ ಚಾಚಿದ. ಇಷ್ಟು ವರ್ಷದ ಜಗಳದಲ್ಲಿ ನಾನು ಗೆದ್ದಿದ್ದೆ. ಗೆದ್ದದ್ದನ್ನು ಹೇಳಲು ಮುತ್ಯಾ ಇಲ್ಲ. ಇದ್ದಿದ್ದರೆ, ನಿನ್ನ ಯಾರು ಕರದಾರಲೇ ಅನ್ನುತ್ತಿದ್ದ.