ಹನ್ನೊಂದು ಮನೆ ಸುತ್ತಿದ ಕಟ್ಟಿಗೆ

ಅರಕೇರಾ ಸಂತೆಯಲ್ಲಿ ದುರುಗಮ್ಮನನ್ನು ಮೊದಲ ಸಲ ಕಂಡಾಗ, ಇದನ್ನು ಬರೆಯುವವನು ಆಕೆಗೆ ತಲೆ ಸರಿಯಿಲ್ಲವೆಂದೇ ತಿಳಿದಿದ್ದ. ಕಟ್ಟಿಗೆ ಹೊರೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಒಂದೊಂದೇ ತುಂಡು ಎತ್ತಿ, ಕೊತ್ತಂಬರಿ ಮೂಸುವ ಹಾಗೆ ಮೂಸಿ ಕೆಳಗಿಡುತ್ತಿದ್ದಳು. ಓದಿದವರಿಗೆ ಇರುವ ದೊಡ್ಡ ಸೌಕರ್ಯವೆಂದರೆ, ತಮಗೆ ತಿಳಿಯದ್ದನ್ನು ಮಾಡುವವರನ್ನೆಲ್ಲ ಹುಚ್ಚರ ಪಟ್ಟಿಗೆ ಸೇರಿಸಿ ಮುಂದೆ ಹೋಗಬಹುದು. ಹತ್ತಿ ಹೊಲಕ್ಕೆ ಹೊಡೆದ ಕೀಟನಾಶಕದ ವಾಸನೆ ಕಟ್ಟಿಗೆಯಲ್ಲಿ ಉಳಿದಿದೆಯೇ ಎಂದು ಆಕೆ ನೋಡುತ್ತಿದ್ದಳೆಂದು ಗೊತ್ತಾದದ್ದು ಆಮೇಲೆ. ಅಂಥ ಕಟ್ಟಿಗೆಯ ಹೊಗೆ ಹಸುಗೂಸಿಗೆ ಆಗದು.

ದುರುಗಮ್ಮ ಬಾಣಂತಿಯರಿಗೆ ನೀರೆರೆಯುವವಳು. ಅರಕೇರಾದಿಂದ ಆಚೆ, ಬಸ್ಸು ಎಲ್ಲಿ ಮುಂದೆ ದಾರಿ ಕಾಣದೆ ಹಿಂದಕ್ಕೆ ತಿರುಗುತ್ತದೋ ಅದೇ ಆಕೆಯ ಊರು. ಮೂವತ್ತು ವರ್ಷದಿಂದ ಆ ಊರಿನ ಕೂಸುಗಳೆಲ್ಲ ಆಕೆಯ ಚಾಚಿದ ಕಾಲಿನ ಮೇಲೆ ಮಲಗಿ ಅತ್ತು ದೊಡ್ಡವಾಗಿವೆ. ನೀರೆರೆದ ಮೇಲೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಹೊರಸಿನ ಕೆಳಗೆ ಕೆಂಡದ ಬೋಗುಣಿ ಇಡಬೇಕು. ನಲವತ್ತು ದಿನ ಹೀಗೆ ಕಾಯಿಸಬೇಕು. ಅದಕ್ಕೆ ಜಾಲಿ ಕಟ್ಟಿಗೆಯೇ ಆಗಬೇಕು. ತೊಗರಿ ಕಟ್ಟಿಗೆ ಭರ್ರೆಂದು ಉರಿದು ಬೂದಿಯಾಗುತ್ತದೆ, ಕೆಂಡ ಉಳಿಸುವುದಿಲ್ಲ. ಹತ್ತಿ ಕಟ್ಟಿಗೆಯ ಕಥೆ ಆಗಲೇ ಹೇಳಿದ್ದಾಯಿತು. ಊರ ಹಳ್ಳದಲ್ಲಿ ಯಾರೂ ನೆಡದೆ ಬೆಳೆದ ಜಾಲಿ ಇತ್ತು. ಹೆಂಗಸರು ಅದನ್ನು ಬೇಕಾದಷ್ಟೇ ಕಡಿದು ತರುತ್ತಿದ್ದರು.

ಇಂಥ ಊರಿಗೆ ಗೌತಮ ಎಂಬ ಸಮೀಕ್ಷಾ ಅಧಿಕಾರಿ ಬಂದ. ರಾಯಚೂರಿನಲ್ಲಿ ಕಚೇರಿ ತೆರೆದ ಒಂದು ಸಂಸ್ಥೆಯವನು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ತೂಗುವ ತಕ್ಕಡಿ, ಮುಖದಲ್ಲಿ ಜಿಲ್ಲೆಯ ಭಾರವನ್ನೆಲ್ಲ ತಾನೊಬ್ಬನೇ ಹೊತ್ತವನ ಬಳಲಿಕೆ. ಆತನ ಕೆಲಸದ ಹೆಸರು 'ದೂರದ ಗ್ರಾಮಗಳಲ್ಲಿ ಕಟ್ಟಿಗೆ ಆಧಾರಿತ ಉಷ್ಣ ವ್ಯವಸ್ಥೆಯ ಕಾರ್ಯಸಾಧ್ಯತಾ ಅಧ್ಯಯನ'. ಅದನ್ನು ಒಂದೇ ಉಸಿರಿನಲ್ಲಿ ಹೇಳಲು ಆತ ಅಭ್ಯಾಸ ಮಾಡಿಕೊಂಡಿದ್ದ. ಪ್ರಶ್ನೆಗಳ ನಮೂನೆ ಹಿಮ ಬೀಳುವ ಯಾವುದೋ ಸೀಮೆಯವರಿಗೆಂದು ತಯಾರಾದದ್ದು.

"ಮನೆಯನ್ನು ಬೆಚ್ಚಗಿಡಲು ವರ್ಷಕ್ಕೆ ಎಷ್ಟು ತಿಂಗಳು ಕಟ್ಟಿಗೆ ಉರಿಸುತ್ತೀರಿ?" ಎಂದು ಗೌತಮ ಕಟ್ಟೆಯ ಮೇಲೆ ಕುಳಿತು ಕೇಳಿದ.

ಸುತ್ತ ಹೆಂಗಸರು ನೆರೆದಿದ್ದರು. ದುರುಗಮ್ಮನ ಪಕ್ಕದ ಮನೆಯ ಬಳೆಗಾರ್ತಿ ಹೀರಾಬಿ ಅಂದಳು, "ಬ್ಯಾಸಗ್ಯಾಗ ಬರ್ರಿ ಸರ, ತೋರಿಸ್ತೀವಿ. ಕಟಗಿ ಇಲ್ದನ ಮನಿ ಬೆಚ್ಚಗಿರ್ತದ ನಮ್ಕಡಿ."

"ಸುಮ್ನಿರು ಬೇ," ಎಂದು ದುರುಗಮ್ಮ ಆಕೆಯನ್ನು ತಡೆದು, "ಬಾಣಂತಿ ಇದ್ದ ಮನ್ಯಾಗ ಕಾಯಿಸ್ತೀವ್ರಿ. ನಲವತ್ತು ದಿನ," ಎಂದಳು.

ಗೌತಮನ ಮುಖ ಅರಳಿತು. ಜಿಲ್ಲೆಯಲ್ಲಿ ಆ ಖಾನೆ ತುಂಬಿದ ಮೊದಲ ಊರು ಇದು. ಖುಷಿಗೆ ಆತ ಒಳಗಿನ ಮಾತನ್ನೂ ಹೇಳಿಬಿಟ್ಟ. ಅಧ್ಯಯನ ಮುಗಿದ ಮೇಲೆ ಆಯ್ದ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಕಟ್ಟಿಗೆಯಿಂದ ಕಾಯುವ ಹೆರಿಗೆ ಕೋಣೆ ಬರುತ್ತದೆ. ಕರೆಂಟು ಹೋದರೂ ಕೋಣೆ ಬೆಚ್ಚಗೆ, ನೀರು ಬಿಸಿ.

"ಎಲ್ಲ ಊರಿಗೂ ಆಗಲ್ಲ ಅಮ್ಮಾ. ಕಟ್ಟಿಗೆ ಇಲ್ಲದ ಊರಿಗೆ ಒಲೆ ಕೊಟ್ಟು ಏನು ಪ್ರಯೋಜನ? ನಾಳೆ ಹನ್ನೊಂದು ಮನೆ ತೂಕ ಹಾಕ್ತೀನಿ. ನೋಡೋಣ."

ಆ ಮಾತು ದುರುಗಮ್ಮನ ಎದೆಗೆ ಹೊಕ್ಕಿತು. ಮಗಳು ಲಲಿತಾ ತವರಿಗೆ ಬಂದಿದ್ದಳು, ಐದು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ದೇವದುರ್ಗದ ದಾರಿಯಲ್ಲಿ ಟಂಟಂ ಆಟೋದೊಳಗೇ ಆಗಿ, ಪುಷ್ಯದ ಚಳಿಗಾಳಿಗೆ ಕೂಸು ನೀಲಿಗಟ್ಟಿ ಹೋಗಿತ್ತು. ಊರವರ ಕೂಸುಗಳನ್ನೆಲ್ಲ ಬೆಚ್ಚಗಿಟ್ಟವಳಿಗೆ ಮಗಳ ಕೂಸನ್ನು ಇಡಲಾಗಲಿಲ್ಲ. ಈ ಸಲ ಊರಲ್ಲೇ ಬೆಚ್ಚನೆಯ ಕೋಣೆ ಬರುವುದಾದರೆ ಆಕೆ ಏನನ್ನೂ ಮಾಡಲು ತಯಾರಿದ್ದಳು.

ಮಾಡುವ ದಾರಿಯೂ ಊರಿಗೆ ಗೊತ್ತಿತ್ತು. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದರೆ ಮೊದಲು ಹಿತ್ತಲಿನ ಕಟ್ಟಿಗೆ ರಾಶಿ ನೋಡುತ್ತಾರೆ. ರಾಶಿ ಚಿಕ್ಕದಾದರೆ ಮನೆ ಸಣ್ಣದು, ಸೊಸೆಗೆ ದುಡಿತ ಹೆಚ್ಚು. ಅದಕ್ಕೇ ಬೀಗರು ಬರುವ ದಿನ ನೆರೆಹೊರೆಯವರ ಕಟ್ಟಿಗೆ ಗೋಡೆ ಹಾರಿ ಆ ಮನೆ ಸೇರುವುದು ರೂಢಿ. ಆಮೇಲೆ ವಾಪಸ್. ಇದನ್ನು ಯಾರೂ ಮೋಸ ಅನ್ನುವುದಿಲ್ಲ, ಮರ್ಯಾದೆ ಅನ್ನುತ್ತಾರೆ.

ಮರುದಿನ ಗೌತಮ ಮೊದಲನೆಯದಾಗಿ ದುರುಗಮ್ಮನ ಹಿತ್ತಲಿನ ಜಾಲಿ ತೂಗಿದ. ಎರಡು ಕ್ವಿಂಟಲ್. ಎರಡನೆಯ ಮನೆಗೆ ಹೋದಾಗಲೂ ಚಹಾ ಕೊಟ್ಟರು. ಸರ್ ಊದಿ ಊದಿ ಒಂದು ಕಪ್ಪು ಕುಡಿಯುವಷ್ಟರಲ್ಲಿ, ಹಿಂದಿನಿಂದ ಹತ್ತು ಹೆಂಗಸರ ತಲೆಯ ಮೇಲೆ ಅದೇ ಕಟ್ಟಿಗೆ ಆ ಹಿತ್ತಲು ಸೇರಿತು. ಹೀಗೆ ಹನ್ನೊಂದು ಮನೆ, ಹನ್ನೊಂದು ಕಪ್ಪು ಚಹಾ, ತೂಕದ ಕೆಳಗೆ ಹನ್ನೊಂದು ಹೆಬ್ಬೆಟ್ಟು. ಒಂಬತ್ತನೆಯ ಮನೆಯಲ್ಲಿ ಒಂದು ಡೊಂಕು ತುಂಡನ್ನು ಎತ್ತಿ ಹಿಡಿದು ಗೌತಮ ಬಹಳ ಹೊತ್ತು ನೋಡಿದ. ಗೌತಮ ಷರಾ ಬರೆದುಕೊಂಡ: 'ಈ ಗ್ರಾಮದ ಕಟ್ಟಿಗೆಯ ಗುಣಮಟ್ಟ ಗಮನಾರ್ಹವಾಗಿ ಏಕರೂಪವಾಗಿದೆ.'

ಎರಡು ತಿಂಗಳಾದ ಮೇಲೆ ದುರುಗಮ್ಮನಿಗೆ ರಾಯಚೂರಿನಿಂದ ಕರೆ ಬಂತು, ಗ್ರಾಮದ ಪ್ರತಿನಿಧಿಯೆಂದು. ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಹೋದಳು. ಎಸಿ ಹಾಕಿದ ಸಭಾಂಗಣದಲ್ಲಿ ಸೆರಗು ಹೊದ್ದು ನಡುಗುತ್ತ ಕುಳಿತಳು. ಇಡೀ ರಾಯಚೂರಿನಲ್ಲಿ ಕಟ್ಟಿಗೆ ಹಾಕಿ ಕಾಯಿಸಬೇಕಾದ ಕೋಣೆ ಇದೊಂದೇ ಎಂದು ಆಕೆಗೆ ಅನ್ನಿಸಿತು.

ಗೋಡೆಯ ಮೇಲೆ ನಕಾಶೆ ಮೂಡಿತು. ಗೌತಮ ಕೆಂಪು ಬೆಳಕಿನ ಕಡ್ಡಿ ಹಿಡಿದು ವಿವರಿಸಿದ. ಮಾನ್ವಿ ತಾಲೂಕಿನ ಕಲ್ಲೂರು ಕಡೆ ಕಾಲುವೆ ಇದೆ, ಭತ್ತ ಇದೆ, ಕಟ್ಟಿಗೆ ಇಲ್ಲ. ಆದ್ದರಿಂದ ಬೆಚ್ಚನೆಯ ಕೋಣೆ ಅಲ್ಲಿಗೆ. ದೇವದುರ್ಗ ತಾಲೂಕಿನ ಈ ಊರಿನಲ್ಲಿ ಮನೆ ಮನೆಯಲ್ಲೂ ಕಟ್ಟಿಗೆ ಮಿಕ್ಕಿದೆ. ಆದ್ದರಿಂದ ಉರುವಲು ಇಲ್ಲಿಂದ ಅಲ್ಲಿಗೆ. ಜನ ಚಪ್ಪಾಳೆ ತಟ್ಟಿದರು. ದುರುಗಮ್ಮನೂ ಎರಡು ಸಲ ತಟ್ಟಿದಳು. ತಿಳಿದ ಮೇಲೆ ನಿಲ್ಲಿಸಿದಳು.

ಊಟದ ಹೊತ್ತಿಗೆ ಗೌತಮನನ್ನು ಮೂಲೆಗೆ ಕರೆದಳು. "ಸರ, ತಪ್ಪಾಗ್ಯದ್ರಿ. ಅದು ಎಲ್ಲಾ ಒಂದ ಕಟಗಿ. ಹನ್ನೊಂದು ಮನಿಗೂ ನನ್ನ ಕಟಗೀನ ಹೊತ್ತೀವಿ. ನಮ್ಮೂರಾಗ ಮಿಕ್ಕಿದ್ದು ಏನೂ ಇಲ್ರಿ."

ಗೌತಮ ತಟ್ಟೆಯಲ್ಲಿನ ಜಿಲೇಬಿ ಬಿಟ್ಟು ಆಕೆಯನ್ನು ನೋಡಿದ. ಕೆಟ್ಟವನಲ್ಲ, ಒಂದು ಗಳಿಗೆ ಬೆವತ. ಆಮೇಲೆ ನಕ್ಕ. "ಏನಮ್ಮಾ ನೀವು, ನಾನೇ ಕೈಯಾರೆ ತೂಗಿದ್ದೀನಲ್ಲ. ಅಲ್ಲದೆ ವರದಿ ಬೈಂಡ್ ಆಗಿಬಿಟ್ಟಿದೆ."

"ಬಿಚ್ಚಾಕ ಬರಂಗಿಲ್ಲೇನ್ರಿ?"

"ನೂರಿಪ್ಪತ್ತು ಪ್ರತಿ, ಅಮ್ಮಾ."

ಮುಂದಿನ ವಾರ ಗುತ್ತಿಗೆದಾರನ ಲಾರಿಗಳು ಬಂದವು. ಹಳ್ಳದ ಜಾಲಿಗೆ ಬಿದ್ದ ಗರಗಸದ ಸದ್ದು ಎಂಟು ದಿನ. ಹೆಂಗಸರು ಹಳ್ಳದ ದಂಡೆಯಲ್ಲಿ ನಿಂತು ಬೈದರು, ಮಣ್ಣು ತೂರಿದರು. ಗುತ್ತಿಗೆದಾರ ವರದಿಯ ಪುಟ ತೆಗೆದು ತೋರಿಸಿದ. ಅದರಲ್ಲಿ ಅವರವರ ಮನೆಯ ಹೆಸರೇ ಇತ್ತು, ಕೆಳಗೆ ಅವರದೇ ಹೆಬ್ಬೆಟ್ಟು.

"ನಮ್ಮ ಬಾಯಿಗೆ ನಾವ ಮಣ್ಣು ಹಾಕ್ಕೊಂಡ್ವಿ," ಎಂದಳು ಹೀರಾಬಿ. ಯಾರನ್ನೂ ಹೆಸರು ಹಿಡಿದು ಅನ್ನಲಿಲ್ಲ. ದುರುಗಮ್ಮನಿಗೆ ಅದೇ ಹೆಚ್ಚು ನಾಟಿತು.

ಲಲಿತಾಗೆ ದಿನ ತುಂಬುವ ಮುಂಚೆಯೇ ಹೆರಿಗೆಯಾಯಿತು. ಹೆಣ್ಣು ಕೂಸು, ಅಂಗೈ ಅಗಲ. ದೊಡ್ಡ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಕಾಪಾಡಿದರು. ಕೂಸು ಹಾಲು ಕುಡಿಯತೊಡಗಿದ ಮೇಲೆ ಊರಿಗೆ ಕಳಿಸುವಾಗ ನರ್ಸಮ್ಮ ಹೇಳಿದ್ದು ಒಂದೇ ಮಾತು: ಬೆಚ್ಚಗಿಡಿ.

ಹೊರಗೆ ಮತ್ತೆ ಪುಷ್ಯದ ಚಳಿ. ದುರುಗಮ್ಮ ಬೆಚ್ಚಗಿಟ್ಟಳು. ಹಗಲೆಲ್ಲ ಲಲಿತಾ ಕೂಸನ್ನು ಎದೆಗವಚಿಕೊಂಡು ಮಲಗುವಳು. ಹೊರಸಿನ ಕೆಳಗೆ ಕೆಂಡ. ಆ ಹನ್ನೊಂದು ಮನೆ ಸುತ್ತಿದ ರಾಶಿ ಒಲೆಗಿಲ್ಲದವರಿಗೆ ಹಂಚಿ ಹೋಗಿ ಒಂದು ಹೊರೆ ಉಳಿದಿತ್ತು. ಅದು ಐದು ದಿನಕ್ಕೆ ಬಂತು. ಅರಕೇರಾ ಸಂತೆಯಲ್ಲಿ ಒಂದೊಂದೇ ತುಂಡು ಮೂಸಿ ನೋಡಿದಳು, ಇದ್ದದ್ದೆಲ್ಲ ಕೀಟನಾಶಕದ ವಾಸನೆಯ ಹತ್ತಿ ಕಟ್ಟಿಗೆ. ಆರನೆಯ ದಿನ ಹಳ್ಳದಲ್ಲಿ ಬೇರು ಅಗೆದು ತಂದಳು. ಹಸಿ ಬೇರು, ಬರೀ ಹೊಗೆ. ಕೂಸು ಕೆಮ್ಮಿತು, ಆರಿಸಿದಳು. ಏಳನೆಯ ದಿನ ಹೀರಾಬಿ ತನ್ನ ಮರದ ಬಳೆ ಪೆಟ್ಟಿಗೆ ಬರಿದು ಮಾಡಿ ತಂದು ಅಂಗಳದಲ್ಲಿ ಇಟ್ಟಳು.

"ವ್ಯಾಪಾರಕ್ಕ ಏನ್ ಮಾಡ್ತೀ ಬೇ?"

"ಚೀಲ್ದಾಗ ಒಯ್ತೀನಿ. ನೀ ಕೊಡ್ಲಿ ಕೊಡು."

ಎಂಟನೆಯ ದಿನ ಹಿತ್ತಲ ಬಾಗಿಲು ಕೆಂಡಕ್ಕೆ ಹೋಯಿತು. ಬಾಗಿಲಿಲ್ಲದ ಕಡೆಯಿಂದ ಗಾಳಿ ಬಂತು. ಅದಕ್ಕೆ ಗೋಣಿಚೀಲ ಕಟ್ಟಿದರು. ಬಾಗಿಲಿನ ಬೇವಿನ ಹಲಗೆಯ ಕೆಂಡ ನಸುಕಿನವರೆಗೂ ಉಳಿಯಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ನೀರೆರೆಯಲೆಂದು ದುರುಗಮ್ಮ ಕಾಲು ಚಾಚಿ ಕುಳಿತು ಕೂಸನ್ನು ತೆಗೆದುಕೊಂಡಳು. ಮೂವತ್ತು ವರ್ಷದ ಕಾಲುಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಿಸಿನೀರಿನ ತಂಬಿಗೆ ಕೆಳಗಿಟ್ಟು ಹಾಗೇ ಕುಳಿತಳು. "ಯವ್ವಾ, ಅಳವಲ್ದಲ್ಲ," ಎಂದಳು ಲಲಿತಾ ಒಳಗಿನಿಂದ.

ಆಮೇಲೆ ದುರುಗಮ್ಮ ಯಾರ ಮನೆಗೂ ನೀರೆರೆಯಲು ಹೋಗಲಿಲ್ಲ. ಕರೆದವರಿಗೆ ಮೊಣಕಾಲು ನೋವು ಅಂದಳು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಗೌತಮ ಎರಡನೆಯ ಹಂತದ ಸಮೀಕ್ಷೆಗೆ ಬಂದ. ಬಾಗಿಲಿಲ್ಲದ ಹಿತ್ತಲನ್ನು ನೋಡಿ 'ಗಾಳಿ ಬೆಳಕಿನ ವ್ಯವಸ್ಥೆ ಸುಧಾರಿಸಿದೆ' ಎಂದು ಗುರುತು ಹಾಕಿಕೊಂಡ. ಲಲಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗೌತಮ ತಗ್ಗಿದ ದನಿಯಲ್ಲಿ ಕೇಳುತ್ತ ಹೋದ. ದುರುಗಮ್ಮ ಹೂಂ, ಉಹೂಂ ಅನ್ನುತ್ತಿದ್ದಳು. ಕಾಯಿಸಿದ್ದು ಎಷ್ಟು ದಿನ ಎಂದಾಗ ಒಂಬತ್ತು ಅಂದಳು.

ಗೌತಮನ ಲೇಖನಿ ನಿಂತಿತು. "ಹೋದ ಸಲ ನಲವತ್ತು ದಿನ ಅಂದಿದ್ದಿರಿ. ಇದು ಹೊಂದಾಣಿಕೆ ಆಗೋದಿಲ್ಲ ಅಮ್ಮಾ. ಮೂವತ್ತೊಂದು ದಿನ ಮುಂಚೆ ಯಾಕೆ ನಿಲ್ಲಿಸಿದಿರಿ? ಇಲ್ಲಿ ಎರಡು ಕಾರಣ ಕೊಟ್ಟಿದ್ದಾರೆ. ಸೆಕೆ ಆಯಿತು ಅಂತ ಬರೀಲಾ, ಇಲ್ಲ ಕಾಯಿಸೋದರಲ್ಲಿ ಆಸಕ್ತಿ ಕಡಿಮೆ ಆಯಿತು ಅಂತಲಾ?"

"ಕೂಸು ಸತ್ತದ ಅಂತ ಬರಿ," ಎಂದಳು ದುರುಗಮ್ಮ.