ನೆಸ್ತೊರಿಯ ತೂತಿನ ರೊಟ್ಟಿ

ಬೆಳಗಿನ ಐದೂವರೆ. ಪೆತ್ರೊಸ್ಕೊಯ್ ಪಟ್ಟಣದ ಸಹಕಾರಿ ಬೇಕರಿಯಲ್ಲಿ ನೆಸ್ತೊರಿ ರುವೊಹೊಲಾ ಮೊಣಕೈವರೆಗೂ ರೈ ಧಾನ್ಯದ ಹಿಟ್ಟಿನಲ್ಲಿದ್ದಾರೆ. ಹಿಟ್ಟು ನಾದುವಾಗ ಅವರಿಗೆ ಮಾತು ಬೇಡ. ಪತ್ರಿಕೆಗೆ ಬರೆಯಲು ಬಂದ ನಾನು ಎರಡು ಸಲ ನಮಸ್ಕಾರ ಹೇಳಿದ ಮೇಲೆ ತಲೆಯೆತ್ತಿ, "ಮೊದ್ಲು ಬಾಗ್ಲು ಹಾಕ್ರೀ, ಹಿಟ್ಟಿಗೆ ಶೀತ ಆಗತ್ತೆ," ಎನ್ನುತ್ತಾರೆ. ಒನೆಗಾ ಸರೋವರದ ಗಾಳಿಯಲ್ಲಿ ನಡೆದುಬಂದ ನನಗೆ ಶೀತವಾದರೆ ಅವರಿಗೇನೂ ಚಿಂತೆಯಿದ್ದಂತಿಲ್ಲ.

ಒಂಬತ್ತು ವರ್ಷದ ಹಿಂದೆ, ಸಾವಿರದ ಒಂಬೈನೂರ ಹದಿನೆಂಟರ ಆ ಚಳಿಗಾಲದಲ್ಲಿ, ಇವರು ನಮ್ಮ ಫಿನ್ಲೆಂಡಿನ ಕಾರ್ಮಿಕರ ಕೆಂಪು ಸರ್ಕಾರದ ಮುಂದಾಳುಗಳಲ್ಲಿ ಒಬ್ಬರು. ಇವರ ಭಾಷಣ ಕೇಳಲು ತಾಂಪೆರೆ ಊರಿನ ಗಿರಣಿ ಕೆಲಸಗಾರರು ಹಿಮದಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ನಾನೂ ನಿಂತಿದ್ದೆ. ಕಾಲು ಮರಗಟ್ಟಿದ್ದು ಇವತ್ತಿಗೂ ನೆನಪಿದೆ, ಭಾಷಣ ಮಾತ್ರ ಮರೆತುಹೋಗಿದೆ. ಹಾಗೆಂದರೆ ನೆಸ್ತೊರಿ ನಗುತ್ತಾರೆ. "ನಂಗೂ ಮರ್ತೋಗಿದೆ ಬಿಡಿ. ತುಂಬಾ ಉದ್ದ ಇತ್ತು."

ಮರೆಯದ್ದು ಬೇರೆ ಇದೆ. ಅಂತರ್ಯುದ್ಧದಲ್ಲಿ ನಾವು ಸೋತೆವು, ನಾಯಕರು ಗಡಿ ದಾಟಿ ಇತ್ತ ಬಂದರು. ನೆಸ್ತೊರಿಯ ಮಾತು ನಂಬಿ ಬಂದೂಕು ಹಿಡಿದ ಅವರ ತಮ್ಮ ವಿಹ್ತೊರಿ ಸಿಕ್ಕಿಬಿದ್ದ. ಆ ಬೇಸಿಗೆಯಲ್ಲೇ ಸೆರೆಶಿಬಿರದಲ್ಲಿ ಹಸಿವಿನಿಂದ ಸತ್ತ. ತಾಯಿ ಅಮಾಂಡಾ ತಾಂಪೆರೆಯಲ್ಲಿದ್ದಾರೆ. ಎಪ್ಪತ್ತೆಂಟು ವರ್ಷ. ಮಗ ನಲವತ್ತು ಕಾಗದ ಬರೆದಿದ್ದಾರೆ, ಒಂದಕ್ಕೂ ಉತ್ತರವಿಲ್ಲ. "ಬರ್ದು ಬರ್ದು ಸಾಕಾಯ್ತು. ನನ್ ಮಾತಿಂದಾನೇ ಅವ್ಳ ಮನೆ ಹಾಳಾಗಿದ್ದು, ಇನ್ನೂ ಮಾತು ಕಳ್ಸಿದ್ರೆ ಏನ್ ಪ್ರಯೋಜ್ನ?" ಎನ್ನುತ್ತಾರೆ. ಹಾಗಾಗಿ ಈ ಸಲ ಕಾಗದವಿಲ್ಲ, ರೊಟ್ಟಿ ಕಳಿಸಿದ್ದಾರೆ. ಮರದ ಡಿಪೋದ ಸೈಮಿಗೆ ತಾಂಪೆರೆಯ ಅಕ್ಕನನ್ನು ನೋಡಿಬರಲು ಪರವಾನಗಿ ಸಿಕ್ಕಿತ್ತು. ಮೂರು ವಾರದ ಹಿಂದೆ ಅವಳ ಗಂಟಿನಲ್ಲಿ ಒಂದು ರೊಟ್ಟಿ ಹೋಯಿತು. ಇವತ್ತು ಹತ್ತರ ರೈಲಿಗೆ ಸೈಮಿ ವಾಪಸು ಬರುತ್ತಾಳೆ. ಬೇಕರಿಯಲ್ಲಿ ಯಾರೂ ಆ ವಿಷಯ ಎತ್ತುತ್ತಿಲ್ಲ, ಗಡಿಯಾರವನ್ನು ಮಾತ್ರ ಎಲ್ಲರೂ ನೋಡುತ್ತಿದ್ದಾರೆ.

ದಿನಕ್ಕೆ ತೊಂಬತ್ತು ಕಿಲೋ ಹಿಟ್ಟು, ನೂರಾ ಅರವತ್ತು ರೊಟ್ಟಿ. ತಟ್ಟೆಯಗಲ ತಟ್ಟಿ, ಹಸುವಿನ ಕೊಂಬಿನಿಂದ ನಡುವೆ ತೂತು ಮಾಡಿ, ಮರದ ಸಲಿಕೆಯಲ್ಲಿ ಒಲೆಗೆ ತಳ್ಳುತ್ತಾರೆ. ಬೆಂದ ರೊಟ್ಟಿಗಳನ್ನು ಗಳುವಿಗೆ ಪೋಣಿಸಿ ಮಾಡಿನಡಿ ತೂಗುಹಾಕಿದರೆ ಆರು ತಿಂಗಳಾದರೂ ಕೆಡುವುದಿಲ್ಲ. ಇದು ನಮ್ಮ ಪಶ್ಚಿಮ ಫಿನ್ಲೆಂಡಿನವರ ಪದ್ಧತಿ. ವಾರವಾರ ಮೆತ್ತನೆಯ ರೊಟ್ಟಿ ಮಾಡಿಕೊಳ್ಳುವ ಇಲ್ಲಿನ ಕರೇಲಿಯದವರಿಗೆ ಇದನ್ನು ಕಂಡರೆ ತಮಾಷೆ. ಬೇಕರಿಯ ಕಸ ಗುಡಿಸುವ, ಸೌದೆ ಜೋಡಿಸುವ, ಎಲ್ಲರನ್ನೂ ಬೈಯುವ ಔದೊಕ್ಕಿ ಅಜ್ಜಿಯಂತೂ ದಿನಾ ಒಂದೇ ಪ್ರಶ್ನೆ ಕೇಳುತ್ತಾರೆ: "ಇದು ಬಾಯಿಗೆ ಹಾಕೋಕೋ, ಗಾಡಿಗೆ ಹಾಕೋಕೋ?"

ನೆಸ್ತೊರಿಗೆ ಈ ಕೆಲಸ ಕಲಿಸಿದ್ದೂ ಅವರೇ. ಲೆನಿನ್‌ಗ್ರಾದಿನ ಕಚೇರಿಯಲ್ಲಿ ಕುರ್ಚಿ ಮೇಜು ಕೊಡುತ್ತೇವೆಂದರೂ ಒಲ್ಲೆನೆಂದು ಇಲ್ಲಿಗೆ ಬಂದ ಮೊದಲ ದಿನ, ಹಿಟ್ಟು ನಾದುವ ಮರಿಗೆ ಕಣ್ಣಿಗೆ ಬಿತ್ತು. ಒಳಗೆಲ್ಲ ಒಣಗಿದ ಹಿಟ್ಟು, ಹುಳಿ ವಾಸನೆ. ಕಾರ್ಮಿಕರ ಅನ್ನದ ಪಾತ್ರೆ ಹೀಗಿರುವುದೇ ಎಂದು ನೊಂದ ನಾಯಕರು ಬೂದಿನೀರು ಕಾಯಿಸಿ, ಮೂರು ತಾಸು ತಿಕ್ಕಿ, ಮರಿಗೆಯನ್ನು ಹೊಸದರಂತೆ ಮಾಡಿಟ್ಟರು. ಮರಿಗೆ ತೊಳೆಯಬಾರದು, ಅದರ ಮೈಗಂಟಿದ ಹಳೆ ಹಿಟ್ಟೇ ನಾಳೆಯ ಹೆಪ್ಪು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ನಮ್ಮ ನಾಯಕರಿಗೆ ಗೊತ್ತಿರಲಿಲ್ಲ. ಊರಿನಲ್ಲಿ ಹಿಟ್ಟು ನಾದುತ್ತಿದ್ದದ್ದು ತಾಯಿ, ಮಗ ತಿನ್ನುತ್ತಿದ್ದರು. ಮರುದಿನ ಒಲೆಯಿಂದ ಹೊರಬಂದದ್ದು ಇಟ್ಟಿಗೆ.

"ಅಜ್ಜಿ ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಕೊಂಡ್ರು," ಎಂದು ನೆಸ್ತೊರಿ ನೆನೆಯುತ್ತಾರೆ. "'ಝಾರ್‌ನ ಓಡ್ಸಿದ್ರಿ, ಸರಿ. ಈ ಮರಿಗೆ ನಿಮ್ಗೇನ್ ಮಾಡಿತ್ತಪ್ಪಾ?' ಅಂದ್ರು."

ಹೆಪ್ಪು ಹೊರಗೆ ಕೊಟ್ಟರೆ ಮನೆಯ ಅದೃಷ್ಟವೂ ಜೊತೆಗೆ ಹೋಗುತ್ತದೆಂದು ಕರೇಲಿಯದ ಹೆಂಗಸರು ನಂಬುತ್ತಾರೆ. ಔದೊಕ್ಕಿ ಮೂರು ದಿನ ಬೈದರು, ನಾಲ್ಕನೆಯ ದಿನ ಶಾಲಿನಡಿ ಮುಚ್ಚಿಕೊಂಡು ತಮ್ಮ ಮನೆಯ ಹೆಪ್ಪನ್ನೇ ತಂದು ಸುರಿದರು. ಯಾಕೆ ಕೊಟ್ಟಿರಿ ಎಂದು ನಾನು ಕೇಳಿದ್ದಕ್ಕೆ, "ದೇಶ ಕಳ್ಕೊಂಡ್ ಬಂದೋನು, ರೊಟ್ಟೀನೂ ಕಳ್ಕೊಂಡ್ರೆ ಹೆಂಗೆ?" ಎಂದು ನನ್ನ ಮೇಲೇ ರೇಗಿದರು.

ಹತ್ತೂಕಾಲಿಗೆ ಸೈಮಿ ಬರುತ್ತಾಳೆ, ಗಂಟು ಇನ್ನೂ ಹೆಗಲ ಮೇಲೆ. ನೆಸ್ತೊರಿ ಸಲಿಕೆ ಬಿಡುವುದಿಲ್ಲ. ರೈಲು ಹೇಗಿತ್ತು ಎಂದು ಕೇಳುತ್ತಾರೆ. ಅಕ್ಕ ಚೆನ್ನಾಗಿದ್ದಾಳಾ ಎಂದು ಕೇಳುತ್ತಾರೆ. ಅಲ್ಲೂ ಮಂಜು ಬಿತ್ತಾ ಎಂದು ಕೇಳುವಷ್ಟರಲ್ಲಿ ಔದೊಕ್ಕಿಯ ತಾಳ್ಮೆ ಕೆಡುತ್ತದೆ. "ಮಂಜು ಹಾಳಾಗ್ಲಿ! ಮುದುಕಿ ಏನಂದ್ಲೇ?"

"ನಿಮ್ ಹೆಸ್ರು ಹೇಳಿದ್ದಕ್ಕೆ ಒಳಗೇ ಕರೀಲಿಲ್ಲ ಅಣ್ಣಾ," ಎನ್ನುತ್ತಾಳೆ ಸೈಮಿ. "ರೊಟ್ಟಿ ಬಿಚ್ಚಿ ತೋರ್ಸ್ದೆ. ಯಾರ್ ಮಾಡಿದ್ದು ಅಂದ್ರು. ನೆಸ್ತೊರೀನೇ, ಸ್ವಂತ ಕೈಯಿಂದ ಅಂದೆ. ಅವ್ನಿಗೆ ನೀರು ಕಾಯ್ಸಕ್ಕೂ ಬರಲ್ಲ, ಸುಳ್ ಹೇಳ್ಬೇಡ ಅಂದ್ರು. ಆಮೇಲೆ ಒಳಗ್ ಕರ್ದ್ರು. ಹಲ್ಲಿಲ್ವಲ್ಲ, ಒಂದ್ ಚೂರು ಮುರ್ದು ಬಿಸಿ ಹಾಲಲ್ಲಿ ನೆನೆಸ್ಕೊಂಡ್ರು. ತುಂಬಾ ಹೊತ್ತು ಬಾಯಲ್ಲೇ ಇಟ್ಕೊಂಡಿದ್ರು."

"ನುಂಗಿದ್ಲಾ?"

"ನುಂಗಿದ್ರು. 'ಉಪ್ಪು ಕಮ್ಮಿ' ಅಂದ್ರು."

"ನಾನ್ ಎಂಟು ವರ್ಷದಿಂದ ಬಡ್ಕೋತಿದೀನಿ," ಎಂದು ಔದೊಕ್ಕಿ ಗೊಣಗುತ್ತಾರೆ.

"ಅಷ್ಟೇನಾ?" ಎನ್ನುವ ನೆಸ್ತೊರಿಯ ದನಿ ನನಗೆ ಕೇಳಿಸುವುದೇ ಕಷ್ಟ.

"ಹೊರಡೋವಾಗ ಬಾಗ್ಲತನಕ ಬಂದ್ರು. 'ಚಳಿಗಾಲ ಮುಗಿಯೋತನಕ ಇದೊಂದೇ ಸಾಲಲ್ಲ, ಇನ್ನೊಂದು ಕಳ್ಸು ಅಂತ ಹೇಳು ಅವ್ನಿಗೆ' ಅಂದ್ರು."

ನೆಸ್ತೊರಿ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಮತ್ತೆ ಇತ್ತ ತಿರುಗಿದಾಗ ಮುಖವೆಲ್ಲ ಹಿಟ್ಟು. ಒಲೆಯಲ್ಲಿದ್ದ ಎಂಟು ರೊಟ್ಟಿ ಅಷ್ಟರಲ್ಲಿ ಕರಕಲಾಗಿವೆ. ಎಂದೂ ಬಿಡದ ಔದೊಕ್ಕಿ ಇವತ್ತು ಅದಕ್ಕೆ ಬೈಯುವುದಿಲ್ಲ.

ಕೊನೆಗೆ ನಾನು, ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಏನೆಂದು ಬರೆಯಲಿ, ಹಳೆಯ ಹುದ್ದೆಗಳನ್ನೆಲ್ಲ ಹಾಕಲೇ ಎಂದು ಕೇಳುತ್ತೇನೆ. ಅವರು ಮರಿಗೆಗೆ ಹೊಸ ಹಿಟ್ಟು ಸುರಿದು, ಒಂದು ಹಿಡಿ ಉಪ್ಪು ಹಾಕುತ್ತಾರೆ. ಸ್ವಲ್ಪ ಯೋಚಿಸಿ ಇನ್ನೊಂದು ಹಿಡಿ ಹಾಕುತ್ತಾರೆ.

"ನಾಯಕ ಗೀಯಕ ಅಂತೆಲ್ಲ ಬರೀಬೇಡ್ರಿ," ಎನ್ನುತ್ತಾರೆ. "ಅಮ್ಮ ಇನ್ನೊಂದು ರೊಟ್ಟಿ ಕೇಳಿದಾಳೆ ಅಂತ ಬರೀರಿ."